ನಮ್ಮ ಬಡಾವಣೆಯ ಹಸ್ತಾಧಿಕಾರಿ

ನಾನು ನೆಟ್ಟ ಗಿಡ ಹತ್ತುವುದಿಲ್ಲ ಎಂದು ಮೊದಲು ಘೋಷಿಸಿದವರು ನನ್ನ ಅತ್ತೆ ಹನುಮಂತಮ್ಮನವರು. ಕುಣಿಗಲ್ಲಿನ ಅವರ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಹಿತ್ತಿಲಲ್ಲಿ ಒಂದು ಸೀಬೆ ಸಸಿ ನೆಟ್ಟೆ. ಅದನ್ನು ಪಕ್ಕದ ಮನೆಯ ಮೇಕೆ ತಿಂದಿತು. ಅತ್ತೆ ಖಾಲಿ ಪಾತಿಯನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೂ ಬಾಯಾಡಿಸುತ್ತಿದ್ದ ಮೇಕೆಯನ್ನು ನೋಡಲಿಲ್ಲ. "ಇವ್ಳ ಕೈಗುಣ ಸರಿಗಿಲ್ಲ ಬುಡಪ್ಪಾ" ಎಂದು ತಮ್ಮ ಮಗನಿಗೆ ತಿಳಿಸಿದರು. ಅಂದಿನಿಂದ ಆ ಮನೆಯಲ್ಲಿ ಮೆಂತ್ಯ ಚೆಲ್ಲುವುದಕ್ಕೂ ನನ್ನನ್ನು ಕರೆಯಲಿಲ್ಲ. ಮೇಕೆಯ ಹೇಳಿಕೆ ಪಡೆಯಲಾಗಿರಲಿಲ್ಲ.

ನನಗೆ ಓದು ಹತ್ತುವುದಿಲ್ಲ, ವ್ಯಾಪಾರ ಹತ್ತುವುದಿಲ್ಲ ಎಂದೂ ಅವರು ಹೇಳಿದ್ದರು. ಓದನ್ನು ನಾನು ಕೋಡುಬಳೆ ಕಟ್ಟಿಕೊಡುವ ಹಳೆಯ ಪೇಪರುಗಳಲ್ಲಿ ಕಲಿತೆ. ಹೀಗಾಗಿ ಇವತ್ತಿಗೂ ಯಾವುದೇ ವಿಷಯ ನನಗೆ ಹರಿದ ಅಂಚಿನವರೆಗೆ ಮಾತ್ರ ಗೊತ್ತು. ಆದರೆ ಅಲ್ಲಿಯವರೆಗಿನದನ್ನು ಯಾರು ಬಂದು ಅಲ್ಲವೆಂದರೂ ಒಪ್ಪುವವಳಲ್ಲ. ವ್ಯಾಪಾರವೆಂದರೆ, ತುಮಕೂರಿನಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ನಿಪ್ಪಟ್ಟು ತಟ್ಟಿದ್ದು, ಕೋಡುಬಳೆ ಹೊಸೆದದ್ದು ಇದೇ ಕೈ. ಅದೇ ದುಡ್ಡಿನಲ್ಲಿ ಶೆಟ್ಟಿಹಳ್ಳಿ ಕಡೆ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದೆ. ಎಂಜಿನಿಯರು ಪ್ಲಾನಿನಲ್ಲಿ ಹಿಂಭಾಗಕ್ಕೆ ಒಂದು ಬೆಡ್‌ರೂಮು ತೋರಿಸಿದ್ದ. ನಾನು ಅದರ ಮೇಲೆ ಗೀಟು ಹಾಕಿ 'ಹಲಸು' ಎಂದು ಬರೆದೆ.

"ಅಲ್ಲ ಕಣೇ, ನೆಂಟರು ಬಂದ್ರೆ ಎಲ್ಲಿ ಮಲಗ್ತಾರೆ?" ಎಂದರು ನಮ್ಮ ಯಜಮಾನರು ಅಂಜನಮೂರ್ತಿ.

"ಹಣ್ಣು ತಿಂದು ಊರಿಗೆ ಹೋಗ್ತಾರೆ."

"ಬೇರು ಪಾಯಕ್ಕೆ ಬಂದ್ರೆ?"

"ಪಾಯ ನಾನೇ ಹಾಕ್ಸಿರೋದು. ಬೇರಿಗೂ ಗೊತ್ತಿರುತ್ತೆ."

ಓದು, ವ್ಯಾಪಾರ, ಮನೆ ಎಲ್ಲ ಹತ್ತಿದ ಮೇಲೆ ಉಳಿದದ್ದು ಗಿಡ ಒಂದೇ. ನನ್ನ ಕೈಯಿಂದಲೇ ಒಂದು ಹಲಸಿನ ಗಿಡ ನೆಡಬೇಕು, ಅದು ಹತ್ತಬೇಕು, ಅತ್ತೆಯ ಮಾತು ಸುಳ್ಳಾಗಬೇಕು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿದೆ. ಅದು ನನಗೆ ಅಡ್ಡಿಯೆನಿಸಲಿಲ್ಲ.

ಅಡ್ಡಿಯಾದದ್ದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ನಿಯಮ. ಆ ನಿಯಮ ಬಂದ ಬಗೆಯನ್ನು ಇಲ್ಲಿ ವಿವರಿಸುವುದು ಸೂಕ್ತ.

ನಾವು ಮನೆಗೆ ಬಂದ ಮೊದಲ ವರ್ಷ ಸಂಘವು 'ಮನೆಗೊಂದು ಹಣ್ಣಿನ ಮರ' ಎಂಬ ಅಭಿಯಾನ ಕೈಗೊಂಡಿತು. ಸಸಿಗಳನ್ನು ಫಾಲ್ಗುಣ ಮಾಸದ ಮಟಮಟ ಮಧ್ಯಾಹ್ನ ವಿತರಿಸಲಾಯಿತು. ಸಂಘದ ಮಹಾಸಭೆ ಆಗಲೇ ನಡೆಯುವುದರಿಂದ ಶಾಮಿಯಾನ ಹೇಗೂ ಹಾಕಿಸಿರುತ್ತದೆ, ನೆರಳಿರುತ್ತದೆ ಎಂಬುದು ಕಾರಣ. ನೆರಳು ಸದಸ್ಯರಿಗೆ, ಸಸಿಗಳನ್ನು ಹೊರಗೆ ಸಾಲಾಗಿ ಜೋಡಿಸಲಾಗಿತ್ತು. ಯುಗಾದಿಯ ಹೊತ್ತಿಗೆ ಎಲ್ಲ ಮನೆಗಳ ಸಸಿಗಳೂ ಒಣಗಿದವು. ನನ್ನ ಪಾಲಿಗೆ ಬಂದ ಸಪೋಟ ಶಾಮಿಯಾನದಿಂದ ಮನೆಗೆ ಬರುವಷ್ಟರಲ್ಲೇ ತೀರಿಕೊಂಡಿತ್ತು. ಉಳಿದದ್ದು ಅಧ್ಯಕ್ಷರಾದ ಶಿವರಾಮಯ್ಯನವರ ಹಿತ್ತಿಲಿನ ನೇರಳೆ ಒಂದೇ.

ಇದರ ತನಿಖೆಗೆ ಸಮಿತಿ ರಚಿಸಲಾಯಿತು. ಮಹಿಳೆಯೊಬ್ಬರು ಇರಬೇಕೆಂದು ನನ್ನನ್ನೂ ಸೇರಿಸಿದರು. ನಾವು ಸ್ಥಳ ಪರಿಶೀಲನೆ ಮಾಡಿದೆವು. ಅಧ್ಯಕ್ಷರ ಬಚ್ಚಲಿನ ಪೈಪು ಒಡೆದು, ನೀರು ಹಗಲೂ ರಾತ್ರಿ ನೇರಳೆಯ ಬುಡಕ್ಕೇ ಹೋಗುತ್ತಿತ್ತು. ಆದರೆ ಬಚ್ಚಲು ಸಮಿತಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅಧ್ಯಕ್ಷರ ಪೈಪು ಒಡೆದಿದೆ ಎಂದು ವರದಿಯಲ್ಲಿ ಬರೆಯುವುದು ಸೌಜನ್ಯವೂ ಅಲ್ಲ. ಬೇರೆ ಕಾರಣ ಹುಡುಕಿದಾಗ, ಆ ಸಸಿಯನ್ನು ಗುಂಡಿಗಿಟ್ಟವರು ಅಧ್ಯಕ್ಷರಲ್ಲ, ಕಾಫಿಗೆಂದು ಬಂದಿದ್ದ ಅನಂತರಾಜು ಎಂಬುದು ತಿಳಿದುಬಂತು. ಅವರು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಹಳ ಸಂಕೋಚದ ಮನುಷ್ಯ. ಎಡಗೈಯಲ್ಲಿ ಲೋಟವಿದ್ದುದರಿಂದ ಬಲಗೈಯಲ್ಲಿ ಇಟ್ಟಿದ್ದರು. ನೇರಳೆ ಉಳಿದದ್ದು ಅನಂತರಾಜುರವರ ಬಲಗೈಯ ಗುಣದಿಂದ ಎಂದು ವರದಿ ಹೇಳಿತು. ನಾನು ಅದಕ್ಕೆ ಸಹಿ ಹಾಕಿದೆ. ಸಹಿ ಹಾಕುವುದನ್ನು ತಡವಾಗಿ ಕಲಿತವಳಾದ್ದರಿಂದ ಜಾಗ ಬಿಟ್ಟು ಪೆನ್ನು ಕೊಟ್ಟರೆ ನಾನು ಎಲ್ಲಿಯಾದರೂ ಹಾಕಿಬಿಡುತ್ತಿದ್ದೆ.

ವರದಿಯ ಆಧಾರದ ಮೇಲೆ ಅನಂತರಾಜುರವರನ್ನು ಬಡಾವಣೆಯ ಹಸ್ತಾಧಿಕಾರಿಯಾಗಿ ನೇಮಿಸಲಾಯಿತು. ನೋಟಿಸ್ ಬೋರ್ಡಿನಲ್ಲಿ ಹೀಗೆ ಬರೆದಿತ್ತು:

'ಬಡಾವಣೆಯಲ್ಲಿ ಹಣ್ಣಿನ ಗಿಡಗಳನ್ನು ಹಸ್ತಾಧಿಕಾರಿಯವರ ಬಲಗೈಯಿಂದಲೇ ನೆಡಿಸತಕ್ಕದ್ದು. ಸ್ವಂತ ಕೈಯಿಂದ ನೆಡುವುದನ್ನು ಅನಧಿಕೃತ ನಾಟಿ ಎಂದು ಪರಿಗಣಿಸಿ, ಅಂಥ ಗಿಡವನ್ನು ಸಂಘದ ವತಿಯಿಂದ ಕಿತ್ತು ಮರುನಾಟಿ ಮಾಡಲಾಗುವುದು. ಮೊದಲ ಫಸಲಿನ ಮೊದಲ ಹಣ್ಣು ಹಸ್ತಭಾಗವಾಗಿ ಹಸ್ತಾಧಿಕಾರಿಯವರಿಗೆ ಸಲ್ಲತಕ್ಕದ್ದು. ಹಸ್ತದ ಗುಣ ಕೆಡದಂತೆ ಕಾಪಾಡುವುದು ಎಲ್ಲ ಸದಸ್ಯರ ಕರ್ತವ್ಯ.'

ಕಡೆಯ ವಾಕ್ಯದ ಪರಿಣಾಮ ದೊಡ್ಡದಾಯಿತು. ಅನಂತರಾಜುರವರು ಬಕೆಟ್ಟು ಎತ್ತುವಂತಿಲ್ಲ, ಪಾತ್ರೆ ಬೆಳಗುವಂತಿಲ್ಲ, ಬೆಕ್ಕನ್ನು ಓಡಿಸುವಾಗಲೂ ಎಡಗೈಯನ್ನೇ ಬಳಸಬೇಕು. ಬಲಗೈಗೆ ಅವರ ಮನೆಯವರು ಬಿಳಿ ಟವೆಲು ಸುತ್ತಿ ಕಳಿಸುತ್ತಿದ್ದರು. ಹತ್ತಿರದ ಕೋರ ಊರಿನಿಂದ ಓಬಳಯ್ಯ ಎಂಬ ರೈತರು ಮಾವಿನ ತೋಪು ಹಾಕಿಸಲು ಟೆಂಪೊ ಸಮೇತ ಬಂದಾಗ, ಹಸ್ತವನ್ನು ಬಡಾವಣೆಯ ಹೊರಗೆ ನಿಯೋಜಿಸಲು ಅವಕಾಶವಿಲ್ಲ ಎಂದು ಹಿಂಬರಹ ಕೊಟ್ಟು ಕಳಿಸಲಾಯಿತು. ಅವರ ತೋಪು ಈಗ ಚೆನ್ನಾಗಿ ಬಂದಿದೆ ಎಂದು ಕೇಳಿದ್ದೇನೆ.

ಹಸ್ತಾಧಿಕಾರಿಯವರು ನೆಟ್ಟ ಗಿಡಗಳೂ ಒಣಗಿದವು. ಅದನ್ನು ಯಾರೂ ಆಕ್ಷೇಪಿಸಲಿಲ್ಲ. ಅಂಥ ಕೈ ತಾಗಿದ ಮೇಲೂ ಒಣಗಿತೆಂದರೆ ಮನೆಯವರದೇ ಏನೋ ದೋಷವಿರಬೇಕೆಂದು ಎಲ್ಲರಿಗೂ ಮನವರಿಕೆಯಾಗಿತ್ತು. ಗಿಡ ಒಣಗಿಸಿಕೊಂಡವರು ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಅನಂತರಾಜುರವರ ಮನೆಗೆ ಹೋಗಿ ಕ್ಷಮೆ ಕೇಳಿ ಬರುವ ವಾಡಿಕೆ ಬೆಳೆಯಿತು.

ಇಂಥ ಹೊತ್ತಿನಲ್ಲಿ ನಾನು ಸಭೆಯಲ್ಲಿ ಎದ್ದು ನಿಂತು, ಗಿಡ ನೆಡುವ ಕ್ರಮ ಹೀಗಲ್ಲ ಎಂದೆ. ಈ ವಿಷಯದಲ್ಲಿ ನಾನು ಪೇಪರಿನ ಹರಿದ ಅಂಚನ್ನೂ ದಾಟಿ, ಪುಸ್ತಕ ತರಿಸಿ ಓದಿದ್ದೆ. ಬೇಸಿಗೆಯಲ್ಲೇ ಗುಂಡಿ ತೆಗೆದು ಬಿಸಿಲು ಕಾಯಿಸಬೇಕು. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ ಹಾಕಬೇಕು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ಗುಂಡಿ ತುಂಬಿ, ಮಳೆ ಹಿಡಿದು ಮಣ್ಣು ತಣಿದ ಮೇಲೆ ಗಿಡ ಇಡಬೇಕು.

"ಆರಿದ್ರಾ ಮಳೆ ಬರೋದು ಆಷಾಢದ ಹೊತ್ತಿಗೆ. ಗಿಡ ನೆಡೋಕೆ ಅದೇ ಕಾಲ" ಎಂದೆ.

"ಆಷಾಢದಲ್ಲಿ ಹೊಸ ಹೆಂಡ್ತೀನೇ ಮನೇಲಿ ಇಟ್ಕೊಳಲ್ಲ, ಇನ್ನು ಗಿಡ ಇಡ್ತಾರಾ ಗಂಗಮ್ಮಾರೆ?" ಎಂದರು ಶಿವರಾಮಯ್ಯನವರು. ಸಭೆ ನಕ್ಕಿತು.

"ಸರಿ, ಶ್ರಾವಣ?"

ಕಾರ್ಯದರ್ಶಿ ಅಶ್ವಥ್ ಪಂಚಾಂಗ ತಿರುವಿದ. "ಶ್ರಾವಣದಲ್ಲಿ ಅನಂತರಾಜಣ್ಣೋರಿಗೆ ವ್ರತ ಅಕ್ಕಾ. ಕೈ ಮಡೀಲಿರುತ್ತೆ, ಮಣ್ಣು ಮುಟ್ಟಂಗಿಲ್ಲ."

"ಭಾದ್ರಪದ?"

"ಗಣೇಶ ಬರ್ತಾನೆ. ಅವನನ್ನ ಬಿಟ್ಟು ಬಂದ್ರೆ ಪಿತೃಪಕ್ಷ."

"ಆಮೇಲೆ?"

"ದಸರಾ, ದೀಪಾವಳಿ. ಆಮೇಲೆ ಧನುರ್ಮಾಸ, ಶುಭಕಾರ್ಯ ಇಲ್ಲ. ಆಮೇಲೆ ಮದುವೆ ಸೀಜನ್ನು. ಕೈ ಪೂರ್ತಿ ಫ್ರೀ ಆಗೋದು ಫಾಲ್ಗುಣಕ್ಕೇ."

"ಫಾಲ್ಗುಣದಲ್ಲಿ ನೆಲ ಬಾಣಲೆ ಕಾದಂಗೆ ಕಾದಿರುತ್ತೆ ಕಣಪ್ಪಾ!"

"ಅಕ್ಕಾ, ನೀವು ಹೇಳ್ತಿರೋದು ಮಣ್ಣಿನ ವಿಚಾರ" ಎಂದು ಅಶ್ವಥ್ ಸಮಾಧಾನವಾಗಿ ಹೇಳಿದ. "ಸಭೆ ಮುಂದಿರೋದು ಹಸ್ತದ ವಿಚಾರ."

ನನ್ನ ಮಾತನ್ನು ನಡಾವಳಿಯಲ್ಲಿ 'ಸಲಹೆ' ಎಂದು ದಾಖಲಿಸಿ, ಉಪ್ಪಿಟ್ಟು ಕೊಡಲಾಯಿತು.

ನನಗೆ ಹಟ ಬಂತು. ನನಗೆ ಹಟ ಬಂದಾಗಲೆಲ್ಲ ನಮ್ಮ ಯಜಮಾನರು ಪೇಪರು ಎತ್ತಿಕೊಂಡು ಮಹಡಿಗೆ ಹೋಗುತ್ತಾರೆ. ಅವರು ಕೆಳಗಿಳಿಯುವಷ್ಟರಲ್ಲಿ ಗುಂಡಿ ತೆಗೆಸಿ ಆಗಿತ್ತು. ಕೇಳಿದವರಿಗೆ ಮಳೆನೀರು ಇಂಗಿಸುವುದಕ್ಕೆ ಎಂದೆ. ಮಳೆನೀರಿನ ಬಗ್ಗೆ ಸಂಘದಲ್ಲಿ ಆಗಿನ್ನೂ ನಿಯಮವಿರಲಿಲ್ಲ.

ಆರಿದ್ರಾ ಮಳೆ ಹಿಡಿದ ವಾರ ಗುಬ್ಬಿಗೆ ಹೋದೆ. ಅದು ನನ್ನ ತವರು ಸೀಮೆ, ಹಲಸಿನ ಸೀಮೆ. ನರ್ಸರಿಯಲ್ಲಿ ಕೆಂಪು ತೊಳೆಯ ಹಲಸಿನ ಕಸಿ ಗಿಡ ಆರಿಸಿದೆ. ಕಸಿ ಗಂಟು ಒಣಗಿರಲಿಲ್ಲ, ಎಲೆ ಹಸಿರಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಗಿಡ ಎಷ್ಟು ಕೊಟ್ಟಿರಿ ಎಂದು ಕೇಳಲಿಲ್ಲ. "ಯಾರ ಕೈಲಿ ಇಡಿಸ್ತೀರಾ?" ಎಂದು ಕೇಳಿದಳು.

"ನನ್ನ ಕೈಲೇ."

ಅವಳು ನನ್ನ ಕೈ ನೋಡಿದಳು. ಎಣ್ಣೆ ಸಿಡಿದ ಕಲೆಗಳು ತುಂಬಿದ್ದವು. ಸ್ವಲ್ಪ ಕಿಟಕಿ ಕಡೆಗೆ ಸರಿದು ಕೂತಳು.

ಹಾಡಹಗಲೇ, ಜಿಟಿಜಿಟಿ ಮಳೆಯಲ್ಲಿ, ಸೆರಗು ಸಿಕ್ಕಿಸಿಕೊಂಡು ನೆಟ್ಟೆ. ನೀಲಿ ಡ್ರಮ್ಮೊಂದರ ತಳ ಕೊಯ್ಯಿಸಿ, ಗೇಣೆತ್ತರದ, ತಳವಿಲ್ಲದ ಬಳೆಯಂಥ ತುಂಡನ್ನು ತುಂಬಿದ ಗುಂಡಿಯ ಮೇಲೆ ಕೂರಿಸಿ, ಅದಕ್ಕೂ ಮಣ್ಣು ತುಂಬಿದೆ. ಗಿಡದ ಪ್ಲಾಸ್ಟಿಕ್ ಕವರನ್ನು ಮಣ್ಣಿನ ಹೆಂಟೆ ಒಡೆಯದಂತೆ ಸೀಳಿ ತೆಗೆದು, ಕಸಿ ಗಂಟು ಮಣ್ಣಿನಿಂದ ಮೇಲಿರುವಂತೆ ಇಟ್ಟು, ಸುತ್ತ ಅದುಮಿ, ಊರುಗೋಲು ಕೊಟ್ಟು ಕಟ್ಟಿದೆ. ಮೇಲಿನಿಂದ ನೋಡಿದರೆ ಅದು ಕುಂಡ. ಕೆಳಗಿನಿಂದ ನೋಡಿದರೆ ಭೂಮಿ. ಯಾವುದನ್ನೂ ಕೆಳಗಿನಿಂದ ನೋಡುವ ಪದ್ಧತಿ ನಮ್ಮ ಸಂಘದಲ್ಲಿ ಇರಲಿಲ್ಲ. ಆಮೇಲೆ ಫಾಲ್ಗುಣಕ್ಕೆ ಹೆಸರು ಬರೆಸಿ, ಗಿಡ ತಂದು ಕುಂಡದಲ್ಲಿಟ್ಟುಕೊಂಡು ಹಸ್ತಕ್ಕಾಗಿ ಕಾಯುತ್ತಿದ್ದೇನೆ ಎಂದು ತಿಳಿಸಿದೆ.

ಗಿಡ ಚಿಗುರಿತು. ನಾನು ಬೆಳಿಗ್ಗೆ ಎದ್ದು ಮೊದಲು ದೇವರನ್ನು ನೋಡುವುದು ಬಿಟ್ಟು ಅದನ್ನು ನೋಡತೊಡಗಿದೆ. ಕಸಿ ಗಂಟಿನ ಕೆಳಗೆ ಬಂದ ಕಳ್ಳ ಚಿಗುರನ್ನು ಉಗುರಿನಲ್ಲಿ ಚಿವುಟಿದೆ. ಕಾರ್ತಿಕದ ಹೊತ್ತಿಗೆ ಎದೆಯೆತ್ತರ ಬಂತು. ಅಶ್ವಥ್ ತಪಾಸಣೆಗೆ ಬಂದ.

"ಏನಕ್ಕಾ, ಕುಂಡದಲ್ಲೇ ಇಷ್ಟೆತ್ತರ?"

"ಹಸ್ತ ಬರ್ಲಿ ಅಂತ ಕಾಯ್ತಾ ಐತೆ ಕಣಪ್ಪಾ. ನಿಂತೂ ನಿಂತೂ ಉದ್ದ ಆಗ್ಬುಟ್ಟೈತೆ."

ಅವನು ತಲೆದೂಗಿ, 'ಗಿಡವು ಹಸ್ತದ ನಿರೀಕ್ಷೆಯಲ್ಲಿ ಬೆಳೆಯುತ್ತಿದೆ' ಎಂದು ಬರೆದುಕೊಂಡ. ಇನ್ನೂ ಮುಟ್ಟದೆಯೇ ಈ ಪರಿಣಾಮ ಬೀರಿದ್ದಕ್ಕಾಗಿ ಅನಂತರಾಜುರವರನ್ನು ಮುಂದಿನ ಸಭೆಯಲ್ಲಿ ಅಭಿನಂದಿಸಲಾಯಿತು. ನಾನೂ ಚಪ್ಪಾಳೆ ತಟ್ಟಿದೆ. ಕೈ ಉರಿಯಿತು.

ಫಾಲ್ಗುಣ ಬಂತು. ಹಸ್ತಾಧಿಕಾರಿಯವರು ಬಂದರು. ಅಧ್ಯಕ್ಷರು, ಕಾರ್ಯದರ್ಶಿ, ಪಕ್ಕದ ಮನೆಯ ಭಾನುಪ್ರಿಯಾ, ಅರ್ಧ ಬಡಾವಣೆ ನನ್ನ ಹಿತ್ತಿಲಲ್ಲಿ ಸೇರಿತು. ಅಶ್ವಥ್ ಡ್ರಮ್ಮಿನ ಪಕ್ಕಕ್ಕೇ ಒಂದು ಗುಂಡಿ ತೋಡಿಸಿದ್ದ. ನನ್ನ ಲೆಕ್ಕಾಚಾರವೆಂದರೆ, ಇಷ್ಟು ದೊಡ್ಡ ಗಿಡ, ಡ್ರಮ್ಮಿನ ಮೇಲೆ ಸುಮ್ಮನೆ ಕೈ ಆಡಿಸಿ ಹೋಗುತ್ತಾರೆ ಎಂಬುದಾಗಿತ್ತು. ಆದರೆ ಸಂಘ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವುದಿಲ್ಲ, ಸರಿಯಾದ ಕೆಲಸದ ಹೊರತು.

ಅನಂತರಾಜುರವರು ಟವೆಲು ಬಿಚ್ಚಿದರು. ಒಳಗಿನಿಂದ ಬಂದ ಕೈ ಬೆಳ್ಳಗೆ, ಮೆತ್ತಗೆ, ನೆನೆಹಾಕಿದ ಅವಲಕ್ಕಿಯಂತಿತ್ತು. "ಡ್ರಮ್ಮು ಎತ್ತಿ" ಎಂದರು ಅಧ್ಯಕ್ಷರು. ಇಬ್ಬರು ಎತ್ತಿದರು. ನೀಲಿ ಬಳೆಯೊಂದು ಕೊಂಬೆಗಳನ್ನು ತರಚುತ್ತ ಮೇಲಕ್ಕೆ ಬಂತು. ಗಿಡ ಇದ್ದಲ್ಲೇ ಇತ್ತು.

ಕಾರ್ಯದರ್ಶಿ ಬಳೆಯನ್ನು ಇಸಿದುಕೊಂಡು ಎತ್ತಿ ಹಿಡಿದ.

"ತಳ ಎಲ್ಲಿ?" ಎಂದ ಅಶ್ವಥ್, ಬಳೆಯೊಳಗಿಂದ ನನ್ನನ್ನು ನೋಡುತ್ತ.

ತಳ ತುಕ್ಕು ಹಿಡಿದು ಉದುರಿತು ಎಂದು ಹೇಳಬಹುದಿತ್ತು. ಡ್ರಮ್ಮು ಪ್ಲಾಸ್ಟಿಕ್ಕಿನದಾದರೂ ನಮ್ಮವರು ನಂಬುತ್ತಿದ್ದರು. ಆದರೆ ಅಷ್ಟು ಜನ ನೋಡುತ್ತಿರುವಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಆಷಾಢದಲ್ಲೇ ನೆಟ್ಟಿದ್ದು. ನಾನೇ ನೆಟ್ಟಿದ್ದು. ಈ ಕೈಲೇ!" ಎಂದು ಎರಡೂ ಕೈ ಎತ್ತಿ ತೋರಿಸಿದೆ.

ಅಧ್ಯಕ್ಷರು ನಿಯಮ ಓದಿದರು. ಅನಧಿಕೃತ ನಾಟಿಯಾದ್ದರಿಂದ ಕಿತ್ತು, ಪಕ್ಕದ ಗುಂಡಿಯಲ್ಲಿ ಮರುನಾಟಿ ಮಾಡತಕ್ಕದ್ದು. ಯಾರೋ ಹಾರೆ ತಂದರು. ಆ ಬಿಸಿಲಿನಲ್ಲಿ ಬೇರು ಕಿತ್ತರೆ ಹಲಸು ಸಂಜೆಯವರೆಗೂ ಬದುಕುವುದಿಲ್ಲ. ನಾನು ಗಿಡಕ್ಕೆ ಬೆನ್ನು ಕೊಟ್ಟು ನಿಂತೆ.

"ಹಾರೆ ಹಾಕೋದಾದ್ರೆ ಮೊದ್ಲು ನನ್ ಕಾಲ್ ಮೇಲೆ ಹಾಕ್ಲಾ ಅಶ್ವಥ."

"ಅಕ್ಕಾ, ಸೈಡಿಗ್ ಬನ್ನಿ. ರೂಲ್ಸು ಬಂದಿದ್ದೇ ನೀವು ಸಹಿ ಹಾಕಿರೋ ವರದಿ ಮೇಲೆ."

"ಹಾಕೋವಾಗ ಗಿಡ ಇರ್ಲಿಲ್ಲ ಕಣೋ!"

ಆಗ ಭಾನುಪ್ರಿಯಾ ಬಾಯಿ ಬಿಟ್ಟಳು. ಅವಳ ಮನೆಯಲ್ಲಿ ಹಸ್ತಾಧಿಕಾರಿಯವರು ನೆಟ್ಟ ದಾಳಿಂಬೆ, ಸೀತಾಫಲ ಎರಡೂ ಒಣಗಿದ್ದವು. "ಅಲ್ಲಾ, ಆಂಟಿ ನೆಟ್ಟಿದ್ದು ಹತ್ತೈತೆ. ಹಂಗಾರೆ ಕೈಗುಣ ಅನ್ನೋದು..."

ಅವಳು ವಾಕ್ಯ ಮುಗಿಸುವುದು ಬಡಾವಣೆಗೆ ಕ್ಷೇಮವಾಗಿರಲಿಲ್ಲ. ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಕ್ಷಮೆ ಕೇಳಿ ಬಂದವರೆಲ್ಲ ಅಲ್ಲೇ ನಿಂತಿದ್ದರು. ಶಿವರಾಮಯ್ಯನವರು ಕೂಡಲೇ ಕೈ ಎತ್ತಿ ಅವಳನ್ನು ತಡೆದು, ಸ್ಥಳದಲ್ಲೇ ತುರ್ತು ಸಭೆ ಕರೆದರು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವರು ನೀಡಿದ ತೀರ್ಪು ಹೀಗಿತ್ತು: ಗಿಡ ಹತ್ತಿದೆ. ಗುಣವಿರುವ ಕೈಯಿಂದಲ್ಲದೆ ಗಿಡ ಹತ್ತುವುದಿಲ್ಲ. ಆದ್ದರಿಂದ ಸಿದ್ದಗಂಗಮ್ಮನವರ ಕೈಗೆ ಗುಣವಿದೆ. ಆ ಕೈಯನ್ನು ಇಂದಿನಿಂದ ಸಂಘವು ವಹಿಸಿಕೊಳ್ಳುತ್ತದೆ. ಅವರು ಹಸ್ತಾಧಿಕಾರಿ ಹುದ್ದೆ ಒಪ್ಪಿದಲ್ಲಿ ಈ ನಾಟಿ ಪೂರ್ವಾನ್ವಯವಾಗಿ ಅಧಿಕೃತ, ಒಪ್ಪದಿದ್ದಲ್ಲಿ ಹಾರೆ.

ಗಿಡ ಉಳಿಸಲು ಒಪ್ಪಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಅನಂತರಾಜುರವರಿಗೆಂದು ತಂದಿದ್ದ ಜರಿ ಅಂಚಿನ ಶಾಲನ್ನು ಅಶ್ವಥ್ ನನ್ನ ಕಡೆಗೆ ತಿರುಗಿಸಿ ಬಿಡಿಸಿದಾಗಲೇ ನನ್ನ ತಲೆ ಬಾಗಿತ್ತು. ನಿನ್ನ ಕೈಗುಣ ಸರಿಯಿಲ್ಲ ಎಂದು ಇಡೀ ಹರೆಯ ಕೇಳಿಸಿಕೊಂಡವಳಿಗೆ, ಸರಿಯಿದೆ ಎಂದು ಮೈಕಿಲ್ಲದೆ ಹೇಳಿದರೂ ಮೈಕಿನಲ್ಲಿ ಹೇಳಿದಂತೆ ಕೇಳಿಸುತ್ತದೆ.

ಅನಂತರಾಜುರವರ ಕಣ್ಣಲ್ಲಿ ನೀರು ಬಂತು. "ನನಗೆ ಗಿಡದ ಬಗ್ಗೆ ಏನೂ ಗೊತ್ತಿಲ್ಲ ಗಂಗಮ್ಮಾರೆ. ಅವತ್ತು ಕಾಫಿಗೆ ಬಂದಿದ್ದೆ ಅಷ್ಟೇ" ಎಂದು ನನ್ನ ಕಿವಿಯಲ್ಲಿ ಹೇಳಿ, ನಲ್ಲಿಯ ಹತ್ತಿರವಿದ್ದ ತುಂಬಿದ ಬಕೆಟ್ಟನ್ನು ಬಲಗೈಯಲ್ಲಿ ಎತ್ತಿದರು. ಎತ್ತಿ ಕೆಳಗಿಟ್ಟು, ಇನ್ನೊಂದು ಸಲ ಎತ್ತಿದರು. ಆಮೇಲೆ ಯಾರಿಗೂ ಹೇಳದೆ ಮನೆಗೆ ಹೋದರು.

ಅಧಿಕಾರ ವಹಿಸಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ನಾಟಿಯನ್ನು ಫಾಲ್ಗುಣದಿಂದ ಆಷಾಢಕ್ಕೆ ಬದಲಾಯಿಸಬೇಕೆಂದು ಸಭೆಯಲ್ಲಿ ಪ್ರಸ್ತಾಪಿಸಿದ್ದು. ಬೇಸಿಗೆಯಲ್ಲಿ ಗುಂಡಿ, ಮೇಲ್ಮಣ್ಣು, ಗೊಬ್ಬರ, ಆರಿದ್ರಾ ಮಳೆ ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಭಕ್ತಿಯಿಂದ ಕೇಳಿದರು.

"ಆಂಟಿ, ಅದೆಲ್ಲ ಕೈಗುಣ ಇಲ್ದೇ ಇರೋರಿಗೆ" ಎಂದಳು ಭಾನುಪ್ರಿಯಾ. "ನಿಮ್ಮಂಥ ಕೈ ಇರೋವಾಗ ಮಳೆ ಯಾಕೆ, ಗೊಬ್ಬರ ಯಾಕೆ? ನೀವು ಚಪ್ಪಡಿ ಕಲ್ಲಿನ ಮೇಲಿಟ್ರೂ ಹತ್ತುತ್ತೆ."

ಇದು ಶುದ್ಧ ಮೂರ್ಖತನ ಎಂದು ಹೇಳಲು ಬಾಯಿ ತೆರೆದೆ. ಆದರೆ ಮಾತು ಕೇಳಲು ಬಹಳ ಹಿತವಾಗಿತ್ತು. ಬಾಯಿ ಮುಚ್ಚಿದೆ. ಪ್ರಸ್ತಾಪವನ್ನು ಹಿಂದಕ್ಕೆ ಪಡೆಯಲಾಗಿದೆ ಎಂದು ನಡಾವಳಿಯಲ್ಲಿ ಬರೆದರು. ನಾನು ಸಹಿ ಹಾಕಿದೆ.

ಅಂದಿನಿಂದ ಪ್ರತಿ ಫಾಲ್ಗುಣದಲ್ಲೂ ಮನೆಮನೆಗೆ ಹೋಗಿ ಕಾದ ನೆಲದಲ್ಲಿ ಮಾವು, ಸಪೋಟ, ದಾಳಿಂಬೆ ನೆಡುತ್ತಿದ್ದೇನೆ. ಅವು ಒಣಗುತ್ತಿವೆ. ಮನೆಯವರು ತಟ್ಟೆಯಲ್ಲಿ ಬಾಳೆಹಣ್ಣು ತಂದು ಕ್ಷಮೆ ಕೇಳುತ್ತಾರೆ. ನಾನು ಕ್ಷಮಿಸುತ್ತೇನೆ. ಶಿವರಾಮಯ್ಯನವರು ಬಚ್ಚಲಿನ ಪೈಪು ರಿಪೇರಿ ಮಾಡಿಸಿದ ವರ್ಷ ಅವರ ನೇರಳೆ ಸೊರಗಿತು. ಅದನ್ನು ಒಮ್ಮೆ ಮುಟ್ಟಿಕೊಡಿ ಎಂದು ಕೇಳಿದರು, ಮುಟ್ಟಿಕೊಟ್ಟೆ.

ಹಸ್ತದ ಗುಣ ಕೆಡಬಾರದೆಂದು ನಾನು ಹಿಟ್ಟು ಕಲೆಸುವಂತಿಲ್ಲ, ಬಾಣಲೆಯ ಹತ್ತಿರ ನಿಲ್ಲುವಂತಿಲ್ಲ. ಅಂಗಡಿಯಲ್ಲಿ ನಮ್ಮ ಯಜಮಾನರು ಕೂರುತ್ತಾರೆ. ಕೋಡುಬಳೆಯನ್ನು ಬೇರೆ ಕಡೆಯಿಂದ ತರಿಸುತ್ತಾರೆ. "ಮೊದ್ಲಿನಂಗಿಲ್ಲವಲ್ಲ ಸ್ವಾಮಿ" ಎಂದು ಗಿರಾಕಿಗಳು ಕೇಳಿದರೆ, "ನಮ್ಮನೆಯೋರಿಗೆ ಪ್ರಮೋಷನ್ ಆಯ್ತು" ಎನ್ನುತ್ತಾರೆ.

ಈ ವರ್ಷ ನನ್ನ ಹಲಸಿನ ಬೊಡ್ಡೆಯಲ್ಲಿ ಮೊದಲ ಕಾಯಿ ಬಿಟ್ಟು ಹಣ್ಣಾಯಿತು. ಮೊದಲ ಹಣ್ಣು ಹಸ್ತಭಾಗವಾಗಿ ಹಸ್ತಾಧಿಕಾರಿಗೆ ಸಲ್ಲಬೇಕು. ಹಸ್ತಾಧಿಕಾರಿ ನಾನೇ, ಮರದ ಒಡತಿಯೂ ನಾನೇ. ಕೊಡುವವರು, ಪಡೆಯುವವರು ಒಬ್ಬರೇ ಆದರೆ ಪಾರದರ್ಶಕತೆ ಉಳಿಯುವುದಿಲ್ಲ ಎಂದು ಅಶ್ವಥ್ ಆಕ್ಷೇಪಿಸಿದ. ನ್ಯಾಯವಾಗಿಯೇ ಇತ್ತು. ಹಣ್ಣನ್ನು ಸಂಘ ವಶಕ್ಕೆ ಪಡೆದು ಪದಾಧಿಕಾರಿಗಳ ಸಭೆಯಲ್ಲಿ ವಿಲೇವಾರಿ ಮಾಡಿತು. ತೊಳೆ ಕೆಂಪಗಿತ್ತು, ಜೇನಿನಂತಿತ್ತು ಎಂದು ಅಧ್ಯಕ್ಷರು ವಂದನಾ ಪತ್ರದಲ್ಲಿ ತಿಳಿಸಿದ್ದಾರೆ. ಬೀಜವನ್ನು ಸಾರಿಗೆ ಹಾಕಿದರಂತೆ.

ಸದ್ಯ ನನ್ನ ಬಳಿ ಇರುವುದು ಇಷ್ಟು: ಶೆಟ್ಟಿಹಳ್ಳಿಯಲ್ಲಿ ಒಂದು ಬೆಡ್‌ರೂಮು ಕಡಿಮೆಯಿರುವ ಸ್ವಂತ ಮನೆ, ನನ್ನ ಹೆಸರಿನ ಬೋರ್ಡಿರುವ ಅಂಗಡಿ, ತಾರಸಿಗೆ ಸಮವಾಗಿ ಬೆಳೆದ ಒಂದು ಹಲಸಿನ ಮರ, ಜರಿ ಅಂಚಿನ ಮೂರು ಶಾಲು. ಇದಕ್ಕೆಲ್ಲ ತೆತ್ತದ್ದು ನನ್ನ ಎರಡು ಕೈಗಳನ್ನು ಮಾತ್ರ. ಎಣ್ಣೆಯ ಕಲೆಗಳೆಲ್ಲ ಮಾಯವಾಗಿ ಅವು ಈಗ ಬೆಳ್ಳಗೆ, ಮೆತ್ತಗೆ, ಸುಸ್ಥಿತಿಯಲ್ಲಿವೆ ಎಂದು ಸಂಘದ ವಾರ್ಷಿಕ ತಪಾಸಣೆಯಲ್ಲಿ ದೃಢಪಟ್ಟಿದೆ.